ಸಂದು ಕಿರಿದಾಗುತ್ತ ಹೋದಂತೆ

ತೋಟದ ನೆಲ

ತಿಪಟೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಗೆ ಬರುತ್ತಾನೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೆಯ ವಾರ ಇನ್ನೊಮ್ಮೆ. ಆಗಸ್ಟಿನಲ್ಲಿ ಮೋಡ ಅಡ್ಡ ಬರುವುದೇ ಹೆಚ್ಚು. ಏಪ್ರಿಲ್‌ನಲ್ಲಿ, ಮಧ್ಯಾಹ್ನ ಹನ್ನೆರಡೂಕಾಲು ದಾಟಿದ ಮೇಲೆ, ಹಳೆಯ ತೆಂಗಿನ ತೋಟದ ನಡುವೆ ಕೂತು ನೆಲ ನೋಡಬೇಕು.

ನೆಲದ ತುಂಬ ದುಂಡು ಬಿಲ್ಲೆಗಳು. ಒಂದೊಂದೂ ಗೇಣಿಗಿಂತ ಸ್ವಲ್ಪ ಚಿಕ್ಕದು. ಅಂಚು ಮಸುಕು, ನಡು ಬೆಳ್ಳಗೆ. ಗಾಳಿ ಬಂದರೆ ಅಳಿಸಿಹೋಗುತ್ತವೆ, ನಿಂತರೆ ಮತ್ತೆ ಅಲ್ಲಲ್ಲೇ ಮೂಡುತ್ತವೆ. ಈಗ ತಲೆ ಎತ್ತಿ ನೋಡಿ. ಮೇಲೆ ದುಂಡಗಿರುವುದು ಒಂದೂ ಇಲ್ಲ. ಗರಿಯ ಎಲೆಗಳ ನಡುವಿನ ಸಂದು ಉದ್ದನೆಯ ಸೀಳು. ಎರಡು ಗರಿಗಳು ಅಡ್ಡ ಹಾಯ್ದಲ್ಲಿ ಓರೆ ಚೌಕ. ಕುರುವಾಯಿ ದುಂಬಿ ಸುಳಿಯನ್ನು ಕೊರೆದಿದ್ದರೆ, ಆ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತ್ರಿಕೋನದ ಕಚ್ಚುಗಳು. ಸೀಳು, ಚೌಕ, ತ್ರಿಕೋನ ಎಲ್ಲದರ ಕೆಳಗೂ ನೆಲಕ್ಕೆ ಬಿದ್ದಿರುವುದು ಅದೇ ದುಂಡು ಬಿಲ್ಲೆ.

ಆ ಬಿಲ್ಲೆ ಸೂರ್ಯನದೇ ಚಿತ್ರ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. ಅಂದರೆ ಬಿಲ್ಲೆಯ ಅಗಲ, ಸಂದಿನಿಂದ ನೆಲಕ್ಕೆ ಎಷ್ಟು ದೂರವೋ ಅದರ ಸುಮಾರು 108ನೆಯ ಒಂದು ಪಾಲು. ಗರಿ 15 ಮೀಟರ್ ಎತ್ತರದಲ್ಲಿದ್ದರೆ ಬಿಲ್ಲೆಯ ಅಗಲ 14 ಸೆಂಟಿಮೀಟರ್. ಕೂತೇ ಇದ್ದರೆ ಬಿಲ್ಲೆ ಸರಿಯುವುದೂ ತಿಳಿಯುತ್ತದೆ. ಎರಡು ನಿಮಿಷದಲ್ಲಿ ಅದು ತನ್ನ ಅಗಲದಷ್ಟು ಜಾಗ ಬಿಟ್ಟು ಮುಂದೆ ಹೋಗಿರುತ್ತದೆ. ಅಷ್ಟು ಹೊತ್ತಿನಲ್ಲಿ ಭೂಮಿ ಅರ್ಧ ಡಿಗ್ರಿ ತಿರುಗಿರುತ್ತದೆ.

ಒಂದು ಗರಿ ಕಳಚಿ ಬಿದ್ದ ಕಡೆ ಮೀಟರ್ ಅಗಲದ ಬಯಲು ಬಿಟ್ಟಿರುತ್ತದೆ. ಅದರ ಕೆಳಗಿನ ಬೆಳಕು ದುಂಡಗಿಲ್ಲ. ಬಯಲಿನದೇ ಆಕಾರ, ಅಂಚು ಮಾತ್ರ ಮಸುಕು. ಉದ್ದ ಸೀಳಿನ ಕೆಳಗೆ ಬಿಲ್ಲೆಗಳು ಒಂದರ ಮೇಲೊಂದು ಬೆಸೆದು ಪಟ್ಟಿಯಾಗಿವೆ. ಪಟ್ಟಿಯ ಎರಡು ತುದಿ ಮಾತ್ರ ದುಂಡಗೆ. ಎರಡು ಸೆಂಟಿಮೀಟರಿನ ಕಚ್ಚಿನ ಕೆಳಗೆ ಅಪ್ಪಟ ಬಿಲ್ಲೆ. ಈ ಮೂರನ್ನೂ ಸಾಲಾಗಿ ನೋಡಿದರೆ ವಿಷಯ ಹೊಳೆಯುತ್ತದೆ. ಸಂದಿನ ಪ್ರತಿ ಬಿಂದುವೂ ನೆಲಕ್ಕೆ ಒಂದೊಂದು ಸೂರ್ಯನನ್ನು ಇಳಿಸುತ್ತದೆ. ನಾವು ಕಾಣುವುದು ಅವೆಲ್ಲದರ ಮೊತ್ತ. ಸಂದು ಅಗಲವಾಗಿದ್ದರೆ ಮೊತ್ತದಲ್ಲಿ ಸಂದಿನ ರೂಪ ಉಳಿಯುತ್ತದೆ. ಕಿರಿದಾಗುತ್ತ ಹೋದಂತೆ ಎಲ್ಲ ಸೂರ್ಯಗಳೂ ಒಂದೇ ಕಡೆ ಕೂಡಿಕೊಳ್ಳುತ್ತವೆ, ಸಂದಿನ ಆಕಾರ ಅಳಿಯುತ್ತದೆ, ಸೂರ್ಯನ ಆಕಾರ ಉಳಿಯುತ್ತದೆ.

ಕ್ವಾಂಟಮ್ ಭೌತಶಾಸ್ತ್ರ ಓದುವವರು ಮೊದಲ ವರ್ಷದಲ್ಲೇ ಎದುರುಗೊಳ್ಳುವ ಡೆಲ್ಟಾ ಫಲನ ಈ ನೆಲದ ಮೇಲೇ ಬಿದ್ದಿದೆ. ಇಂಗ್ಲೆಂಡಿನ ಪಾಲ್ ಡಿರಾಕ್ 1927ರ ಪ್ರಬಂಧದಲ್ಲಿ ಅದನ್ನು ಬಳಸಿದರು. 1930ರ ಅವರ ಕ್ವಾಂಟಮ್ ಪುಸ್ತಕದಿಂದ ಅದು ಎಲ್ಲರ ಕೈಗೆ ಬಂತು. ಅದರ ವಿವರಣೆ ಹೀಗೆ: ಒಂದು ಬಿಂದುವಿನ ಹೊರತು ಎಲ್ಲೆಡೆ ಸೊನ್ನೆ, ಆ ಬಿಂದುವಿನಲ್ಲಿ ಅನಂತ ಎತ್ತರ, ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣ ಒಂದು. ಹೀಗೆ ಹೇಳಿದರೆ ಯಾರಿಗೂ ದಕ್ಕುವುದಿಲ್ಲ. ಸಾಮಾನ್ಯ ಫಲನಗಳ ಸಾಲಾಗಿ ನೋಡಿದರೆ ಸುಲಭ. ಅಗಲ ಒಂದು, ಎತ್ತರ ಒಂದು. ಅಗಲ ಹತ್ತನೆಯ ಒಂದು, ಎತ್ತರ ಹತ್ತು. ಅಗಲ ನೂರನೆಯ ಒಂದು, ಎತ್ತರ ನೂರು. ವಿಸ್ತೀರ್ಣ ಪ್ರತಿ ಸಲವೂ ಒಂದೇ. ಸಾಲಿನ ಒಂದೊಂದು ಸದಸ್ಯವೂ ಸಾದಾ ಫಲನ, ಬರೆಯಬಹುದು, ಅಳೆಯಬಹುದು. ಆಯತದ ಬದಲು ತ್ರಿಕೋನ ತೆಗೆದುಕೊಳ್ಳಿ, ಗಂಟೆಯಾಕಾರದ ಗಾಸ್ ರೇಖೆ ತೆಗೆದುಕೊಳ್ಳಿ, ಮಿತಿ ಬದಲಾಗುವುದಿಲ್ಲ. ದುಂಬಿಯ ಕಚ್ಚೋ ಗರಿಯ ಚೌಕವೋ ಎಂದು ನೆಲದ ಬಿಲ್ಲೆ ಕೇಳುವುದಿಲ್ಲವಲ್ಲ, ಹಾಗೆಯೇ. ಡೆಲ್ಟಾವನ್ನು ಇನ್ನೊಂದು ಫಲನದ ಮೇಲೆ ಹರಿಸಿದರೆ ಆ ಇನ್ನೊಂದರ ರೂಪವೇ ಚೂರೂ ಕೆಡದೆ ಹಿಂದಿರುಗುತ್ತದೆ. ಅದರ ಮುಖ್ಯ ಗುಣ ಅದೇ.

2019ರ ಡಿಸೆಂಬರ್ 26ರ ಬೆಳಗ್ಗೆ ಈ ಗುಣ ಇಡೀ ದಕ್ಷಿಣ ಕರ್ನಾಟಕದ ಮರಗಳ ಕೆಳಗೆ ಬಯಲಾಗಿತ್ತು. ಅಂದು ಕಂಕಣ ಸೂರ್ಯಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಾದ. ತುಮಕೂರು ಸೀಮೆಗೆ ಕುಡುಗೋಲಿನಾಕಾರ ಸಿಕ್ಕಿತು. ಸಂದುಗಳು ನಿನ್ನೆಯವೇ, ಗರಿಗಳು ನಿನ್ನೆಯವೇ. ನೆಲದ ಬಿಲ್ಲೆಗಳು ಮಾತ್ರ ಕುಡುಗೋಲುಗಳು.

ಬಿದ್ದ ಕಾಯಿ

ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣದ ಅದಿರಿನ ಗುಡ್ಡಗಳ ಪಕ್ಕದ ಕೆಮ್ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ. ಉಂಡೆ ಕೊಬ್ಬರಿಗೆ ಬಲಿತ ಕಾಯಿಯೇ ಬೇಕಾದ್ದರಿಂದ ಇಲ್ಲಿ ಗೊನೆಯನ್ನು ಚೆನ್ನಾಗಿ ಮಾಗಲು ಬಿಡುತ್ತಾರೆ. ಕೆಲವು ಕಾಯಿ ತಾವಾಗಿಯೇ ಕಳಚಿ ಬೀಳುತ್ತವೆ. ತೋಟದಲ್ಲಿ ಕೂತವರಿಗೆ ಆ ಸದ್ದಿನ ವ್ಯತ್ಯಾಸ ತಿಳಿದಿರುತ್ತದೆ. ನೀರು ಹಾಯಿಸಿದ ಪಾತಿಗೆ ಬಿದ್ದರೆ ‘ದೊಪ್’, ಒಣಗಿದ ದಾರಿಗೆ ಬಿದ್ದರೆ ‘ಟಪ್’.

ಮಟ್ಟೆ ಸಮೇತ 1.2 ಕಿಲೋ ತೂಗುವ ಕಾಯಿ 15 ಮೀಟರಿನಿಂದ ಬಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ, ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 17 ಮೀಟರ್. ಅದರ ಸಂವೇಗ ಸುಮಾರು 20 ಘಟಕ. ಕಾಯಿ ಪುಟಿಯದೆ ನಿಂತಿತು ಎಂದುಕೊಳ್ಳಿ. ನೆಲ ಆ 20 ಘಟಕವನ್ನು ಪೂರ್ತಿ ಹೀರಿಕೊಳ್ಳಲೇಬೇಕು. ಕೆಸರಿನ ಪಾತಿಯಲ್ಲಿ ಕಾಯಿ 20 ಸೆಂಟಿಮೀಟರ್ ಹೂತು ನಿಲ್ಲುತ್ತದೆ ಅಂದರೆ, ನಿಲ್ಲಲು ಬೇಕಾದ ಸಮಯ ಸೆಕೆಂಡಿನ ಸುಮಾರು ನಲವತ್ತನೆಯ ಒಂದು ಪಾಲು, ಸರಾಸರಿ ಬಲ 870 ನ್ಯೂಟನ್. ಗಟ್ಟಿ ನೆಲದಲ್ಲಿ ಎರಡೇ ಸೆಂಟಿಮೀಟರಿನಲ್ಲಿ ನಿಂತರೆ ಸಮಯ ಹತ್ತನೆಯ ಒಂದಕ್ಕೆ ಇಳಿಯುತ್ತದೆ, ಬಲ ಹತ್ತುಪಟ್ಟು ಏರಿ 8,700 ನ್ಯೂಟನ್ ಆಗುತ್ತದೆ. ಸಮಯವನ್ನು ಅಡ್ಡಕ್ಕೆ, ಬಲವನ್ನು ನಿಲುವಿಗೆ ಇಟ್ಟು ರೇಖೆ ಎಳೆದರೆ ಒಂದು ಕಡೆ ತಗ್ಗಾದ ಅಗಲ ದಿಬ್ಬ, ಇನ್ನೊಂದು ಕಡೆ ಎತ್ತರದ ಕಿರಿ ಶಿಖರ. ಎರಡರ ಕೆಳಗಿನ ವಿಸ್ತೀರ್ಣವೂ 20. ಇದನ್ನೇ ಆವೇಗ ಅನ್ನುತ್ತಾರೆ. ಶಿಖರ ಇನ್ನೂ ಕಿರಿದಾಗುತ್ತ, ಇನ್ನೂ ಏರುತ್ತ ಹೋದರೆ ಅದರ ಮಿತಿಯೇ ಕಾಲದಲ್ಲಿನ ಡೆಲ್ಟಾ.

ನಾರುಮಟ್ಟೆ ಮಾಡುವ ಕೆಲಸ ಇಲ್ಲಿ ಕಾಣುತ್ತದೆ. ನಾರು ಅಮುಕಿ ಅಮುಕಿ ನಿಲ್ಲುವುದರಿಂದ ದಿಬ್ಬದ ಅಗಲ ಒಂದು ಹದಕ್ಕಿಂತ ಕಡಿಮೆಯಾಗುವುದಿಲ್ಲ, ಎತ್ತರ ಚಿಪ್ಪು ತಾಳುವ ಮಟ್ಟ ಮೀರುವುದಿಲ್ಲ. ಮಟ್ಟೆ ಸುಲಿದ ಕಾಯಿಯನ್ನು ಕಲ್ಲಿಗೆ ಹೊಡೆದರೆ, ಕೈಯ ವೇಗ ಮರದಿಂದ ಬೀಳುವ ವೇಗಕ್ಕಿಂತ ಕಡಿಮೆಯಿದ್ದರೂ, ಒಂದೇ ಏಟಿಗೆ ಒಡೆಯುತ್ತದೆ. ವಿಸ್ತೀರ್ಣ ಚಿಕ್ಕದು, ಆದರೆ ಶಿಖರ ಕಿರಿದು, ಹಾಗಾಗಿ ಎತ್ತರ. ತೋಟದ ನೆಲ ಕಾಯಿಯಿಂದ ಪಡೆಯುವುದು ವಿಸ್ತೀರ್ಣವನ್ನು. ಚಿಪ್ಪು ಲೆಕ್ಕಕ್ಕೆ ತೆಗೆದುಕೊಳ್ಳುವುದು ಎತ್ತರವನ್ನು. ಯಾರು ಏನನ್ನು ಅಳೆಯುತ್ತಾರೆ ಅನ್ನುವುದರ ಮೇಲೆ ಡೆಲ್ಟಾ ಅಂದರೆ ಸಾಕೋ ಸಾಲದೋ ಅನ್ನುವುದು ನಿಂತಿದೆ.

ಮಲ್ಲಾಘಟ್ಟದ ಏರಿ

ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟ ಕೆರೆಯಲ್ಲಿ ನೀರು ತುಂಬಿದಾಗ, ಗಾಳಿ ಏಳುವ ಮೊದಲಿನ ಮುಂಜಾನೆ, ಮೇಲ್ಮೈ ಅಲುಗದೆ ನಿಂತಿರುತ್ತದೆ. ರಾತ್ರಿ ಮಳೆ ಬಂದಿದ್ದರೆ ದಡದಿಂದ ನೀರಿನ ಮೇಲಕ್ಕೆ ಬಾಗಿದ ಗರಿಯ ತುದಿಯಿಂದ ಹನಿ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗ ಬೆರಳ ತುದಿಯಷ್ಟು. ಉಂಗುರ ಹರಡುವಾಗ ಹೊರ ಅಂಚನ್ನು ಗಮನಿಸಬೇಕು. ಅಲ್ಲಿ ಅಲೆಗಳು ಅತಿ ಸಣ್ಣವು, ಒತ್ತೊತ್ತಾಗಿ ಇರುತ್ತವೆ. ಒಳಗೆ ಬಂದಷ್ಟೂ ಅಲೆಯ ಅಂತರ ಹೆಚ್ಚು. ಒಂದೇ ಬಿಂದುವಿನಲ್ಲಿ ಕೊಟ್ಟ ಪೆಟ್ಟಿನಲ್ಲಿ ಎಲ್ಲ ಅಳತೆಯ ಅಲೆಗಳೂ ಅಡಗಿದ್ದವು. ನೀರಿನ ಮೇಲ್ಮೈಯ ಬಿಗಿತದಿಂದ ಓಡುವ ಈ ಸಣ್ಣ ಅಲೆಗಳಲ್ಲಿ ಚಿಕ್ಕದ್ದಕ್ಕೆ ವೇಗ ಹೆಚ್ಚು. ಆದ್ದರಿಂದ ದಾರಿಯಲ್ಲಿ ಅವು ಅಳತೆಗೆ ತಕ್ಕಂತೆ ಬೇರೆಬೇರೆಯಾದವು. ನೀರಿನ ಮೇಲೆ ಎಲ್ಲಕ್ಕಿಂತ ನಿಧಾನದ ಅಲೆ ಸುಮಾರು 1.7 ಸೆಂಟಿಮೀಟರ್ ಉದ್ದದ್ದು, ಸೆಕೆಂಡಿಗೆ 23 ಸೆಂಟಿಮೀಟರ್ ಚಲಿಸುತ್ತದೆ. ಹನಿಯೆಬ್ಬಿಸಿದ ಅಲೆಗಳು ದಾಟಿಹೋದ ಮೇಲೆ ಉಂಗುರದ ನಡುವೆ ನೀರು ಮತ್ತೆ ಸಮವಾಗುತ್ತದೆ.

ಡೆಲ್ಟಾ ಫಲನದ ಪೂರ್ವಜ ಹುಟ್ಟಿದ್ದು ಇಂಥ ನೀರಿನ ಪ್ರಶ್ನೆಯಿಂದಲೇ. ನಿಂತ ನೀರಿನ ಒಂದು ಸಣ್ಣ ಜಾಗವನ್ನು ಕದಡಿದರೆ ಅಲೆ ಹೇಗೆ ಹರಡುತ್ತದೆ ಎಂಬುದನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಬಹುಮಾನದ ಪ್ರಶ್ನೆಯಾಗಿ ಇಟ್ಟಿತ್ತು. 1815ರಲ್ಲಿ ಅದಕ್ಕೆ ಉತ್ತರ ಬರೆದ ಓಗಸ್ಟೀನ್ ಕೋಶಿ ಬಹುಮಾನ ಗೆದ್ದರು. ಅದೇ ಕಾಲಕ್ಕೆ ಪ್ವಾಸೋನ್ ಕೂಡ ಅದೇ ಸಮಸ್ಯೆಯನ್ನು ಬಿಡಿಸುತ್ತಿದ್ದರು. ಕೋಶಿಯ ಪ್ರಬಂಧ ವಿಸ್ತಾರವಾದ ಟಿಪ್ಪಣಿಗಳೊಂದಿಗೆ 1827ರಲ್ಲಿ ಅಚ್ಚಾಯಿತು. ಅಗಲ ಕಿರಿದಾದಷ್ಟೂ ಎತ್ತರವಾಗುವ, ವಿಸ್ತೀರ್ಣ ಮಾತ್ರ ಬದಲಾಗದ ಗುಡ್ಡದಾಕಾರದ ಫಲನವೊಂದನ್ನು ಅವರು ಅಲ್ಲಿ ಬಳಸಿದ್ದಾರೆ. ಡಿರಾಕ್‌ಗಿಂತ ನೂರು ವರ್ಷ ಮುಂಚಿನ ಮಾತು ಇದು.

ಒಂದೇ ಜಾಗಕ್ಕೆ ಒತ್ತಿಟ್ಟ ಇಲೆಕ್ಟ್ರಾನನ್ನು ಬಿಟ್ಟುಬಿಟ್ಟರೆ ಅದರ ಅಲೆಯೂ ಇದೇ ರೀತಿ ಬಿಚ್ಚಿಕೊಳ್ಳುತ್ತದೆ. ಚಿಕ್ಕ ತರಂಗದೂರದ ಪಾಲು ಮುಂದೆ, ದೊಡ್ಡದು ಹಿಂದೆ. ಮೊದಲು ಒತ್ತಿಟ್ಟ ಜಾಗ ಕಿರಿದಾದಷ್ಟೂ ಹರಡುವಿಕೆ ಬಿರುಸು. ಆದರೆ ಇಲೆಕ್ಟ್ರಾನಿನ ಅಲೆಗೆ ಕನಿಷ್ಠ ವೇಗವೆಂಬುದಿಲ್ಲ. ಎಷ್ಟು ನಿಧಾನದ ಪಾಲೂ ಅದರಲ್ಲಿರುತ್ತದೆ, ಹಾಗಾಗಿ ಅದರ ನಡುವಿನ ಜಾಗ ಕೆರೆಯ ನೀರಿನಂತೆ ಬೇಗ ಸಮವಾಗುವುದಿಲ್ಲ.

ಕುಟ್ಟುವ ಹಕ್ಕಿ, ಕೂಗುವ ಹಕ್ಕಿ

ಏರಿ ಇಳಿದು ತೋಟಕ್ಕೆ ಬಂದರೆ ಕಿವಿಗೆ ಕೆಲಸ. ಹೊಂಬಣ್ಣದ ಬೆನ್ನಿನ ಮರಕುಟಿಗ ಒಣ ತೆಂಗಿನ ಬೊಡ್ಡೆಯ ಮೇಲೆ ಕುಟ್ಟುತ್ತಿದೆ. ಬೇಲಿಯ ಪೊದೆಯೊಳಗಿನ ಕೆಂಬೂತ ‘ಊಪ್, ಊಪ್’ ಎಂದು ಗಂಭೀರವಾಗಿ ಕೂಗುತ್ತಿದೆ. ಕೆಂಬೂತದ ಕೂಗನ್ನು ಬಾಯಲ್ಲಿ ಅನುಕರಿಸಬಹುದು, ಅದಕ್ಕೊಂದು ಶ್ರುತಿ ಹಚ್ಚಬಹುದು. ಮರಕುಟಿಗದ ಒಂದು ಕುಟ್ಟಿಗೆ ಶ್ರುತಿ ಹಚ್ಚಲಾಗುವುದಿಲ್ಲ.

ಕಾರಣ ನೇರವಾದದ್ದು. ಒಂದು ಶ್ರುತಿಯನ್ನು ಗುರುತಿಸಲು ಅದರ ಕಂಪನ ಹಲವು ಸಲ ಮರುಕಳಿಸಬೇಕು, ಅದಕ್ಕೆ ಹೊತ್ತು ಬೇಕು. ಹೊತ್ತು ಕಿರಿದಾದಷ್ಟೂ ಸದ್ದಿನಲ್ಲಿ ಬೆರೆತ ಆವೃತ್ತಿಗಳ ಹರವು ದೊಡ್ಡದು. ಸದ್ದು ಕಾಲದ ಒಂದೇ ಕ್ಷಣದ ಡೆಲ್ಟಾ ಆದರೆ ಎಲ್ಲ ಆವೃತ್ತಿಗಳೂ ಸಮಪಾಲಿನಲ್ಲಿ ಅದರಲ್ಲಿ ಇರಬೇಕಾಗುತ್ತದೆ. ತಿರುಗಿಸಿ ಹೇಳಿದರೂ ಸರಿ. ಎಲ್ಲ ಆವೃತ್ತಿಯ ಅಲೆಗಳನ್ನೂ ಒಂದೇ ಕ್ಷಣದಲ್ಲಿ ತುದಿಗೆ ತುದಿ ಹೊಂದುವಂತೆ ಕೂಡಿಸಿದರೆ ಆ ಕ್ಷಣದಲ್ಲಿ ಎಲ್ಲವೂ ಒಟ್ಟಾಗಿ ಎದ್ದು ನಿಲ್ಲುತ್ತವೆ, ಬೇರೆ ಕ್ಷಣಗಳಲ್ಲಿ ಏರಿಗೆ ಇಳಿ ಸೇರಿ ಒಂದನ್ನೊಂದು ಅಳಿಸುತ್ತವೆ. ಡೆಲ್ಟಾಕ್ಕೆ ಹೋಗುವ ಇನ್ನೊಂದು ದಾರಿ ಇದು. ಈ ದಾರಿಯ ಫಲನಗಳು ನಡುಬಿಂದುವಿನ ಆಚೆಗೆ ತಗ್ಗಿ ಸುಮ್ಮನಾಗುವುದಿಲ್ಲ. ಇನ್ನಷ್ಟು ಇನ್ನಷ್ಟು ವೇಗವಾಗಿ ಮೇಲೆ ಕೆಳಗೆ ಆಡುತ್ತವೆ, ಕೂಡಿಸಿದಾಗ ಮಾತ್ರ ಸೊನ್ನೆಯಾಗುತ್ತವೆ.

ಕೂದಲೆಳೆಯ ಆಚೆ

ಗರಿಯ ಸಂದಿಗೆ ಮರಳೋಣ. ಸಂದನ್ನು ಕಿರಿದು ಮಾಡುತ್ತ ಹೋದರೆ ಬಿಲ್ಲೆ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆಯೇ? ಇಲ್ಲ. ಸಂದು ಅರವತ್ತು ಮೈಕ್ರಾನಿಗೆ, ಅಂದರೆ ತಲೆಗೂದಲಿನ ದಪ್ಪಕ್ಕೆ ಇಳಿದಾಗ, ಬೆಳಕಿನ ವಿವರ್ತನೆಯ ಹರವು, ಅಂದರೆ ಕಿರಿ ಸಂದು ದಾಟಿದ ಬೆಳಕು ತಾನಾಗಿ ಹರಡಿಕೊಳ್ಳುವ ಕೋನ, ಸೂರ್ಯನ ಅರ್ಧ ಡಿಗ್ರಿಗೆ ಸಮವಾಗುತ್ತದೆ. ಆರು ಮೈಕ್ರಾನಿಗೆ ಇಳಿಸಿದರೆ ಹದಿನೈದು ಮೀಟರ್ ಕೆಳಗೆ ಬೆಳಕು ಒಂದು ಮೀಟರಿಗೂ ಹೆಚ್ಚು ಅಗಲಕ್ಕೆ ಹರಡುತ್ತದೆ. ಸೂರ್ಯನ ಚಿತ್ರ ಅದರಲ್ಲಿ ಕರಗಿಹೋಗುತ್ತದೆ. ಇನ್ನೂ ಇಳಿಸಿ ಬೆಳಕಿನ ತರಂಗದೂರಕ್ಕೆ ತಂದರೆ ಎಲ್ಲ ದಿಕ್ಕಿಗೂ ಹರಡುತ್ತದೆ.

ಹಿಂದಿನ ಹಕ್ಕಿಯ ಮಾತು ಇಲ್ಲಿ ಬೆಳಕಿನ ಕಣಕ್ಕೆ ಅನ್ವಯಿಸುತ್ತದೆ. ಫೋಟಾನ್ ಹಾದ ಜಾಗವನ್ನು ಸಂದು ಎಷ್ಟು ಕಟ್ಟುನಿಟ್ಟಾಗಿ ಗೊತ್ತುಮಾಡುತ್ತದೋ ಅಡ್ಡ ದಿಕ್ಕಿನ ಸಂವೇಗ ಅಷ್ಟು ಅನಿಶ್ಚಿತವಾಗುತ್ತದೆ. ಹೈಸನ್‌ಬರ್ಗ್ 1927ರಲ್ಲಿ ಹೇಳಿದ್ದು ಇದನ್ನೇ. ಒಂದು ಇಲೆಕ್ಟ್ರಾನಿನ ಸ್ಥಾನ ಪೂರ್ತಿ ಡೆಲ್ಟಾ ಆಗಬೇಕಾದರೆ ಅದರ ಸಂವೇಗ ಸೊನ್ನೆಯಿಂದ ಅನಂತದವರೆಗೆ ಸಮನಾಗಿ ಹರಡಬೇಕು, ಅದಕ್ಕೆ ಅನಂತ ಶಕ್ತಿ ಬೇಕು. ನಿಸರ್ಗದಲ್ಲಿ ಅಂಥ ಸ್ಥಿತಿ ಇಲ್ಲ. ಇರುವುದೆಲ್ಲ ಸಾಲಿನ ಸಾಮಾನ್ಯ ಸದಸ್ಯರು: ಕಿರಿದು, ಇನ್ನೂ ಕಿರಿದು, ಮತ್ತೂ ಕಿರಿದು. ಡೆಲ್ಟಾ ಆ ಸಾಲು ಸಾಗುವ ದಿಕ್ಕು.

ಕಾಣದ ಆಕಾರ

ಆದರೂ ಆ ದಿಕ್ಕಿನಿಂದ ದೊಡ್ಡ ಉಪಕಾರವಿದೆ. ಕೊಠಡಿಯ ಉಷ್ಣತೆಯಲ್ಲಿ ಚಲಿಸುವ ನ್ಯೂಟ್ರಾನಿನ ತರಂಗದೂರ ಸುಮಾರು 1.8 ಆಂಗ್‌ಸ್ಟ್ರಾಮ್. ಅದು ಡಿಕ್ಕಿ ಹೊಡೆಯುವ ನ್ಯೂಕ್ಲಿಯಸ್ ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚಿಕ್ಕದು. ನ್ಯೂಕ್ಲಿಯಸ್ಸಿನೊಳಗಿನ ಬಲ ಯಾವ ಆಕಾರದ್ದು, ಅಂಚು ಚೂಪೋ ಮೊಂಡೋ, ಆ ನ್ಯೂಟ್ರಾನಿಗೆ ತಿಳಿಯುವುದೇ ಇಲ್ಲ. 1936ರಲ್ಲಿ ಎನ್ರಿಕೊ ಫರ್ಮಿ ಆ ಬಲದ ವಿವರವನ್ನೆಲ್ಲ ಬದಿಗಿಟ್ಟು ಅಲ್ಲಿ ಒಂದು ಡೆಲ್ಟಾ ಫಲನವನ್ನಿಟ್ಟರು, ಅದಕ್ಕೊಂದೇ ಸಂಖ್ಯೆಯ ಬೆಲೆ ಕೊಟ್ಟರು. ನ್ಯೂಟ್ರಾನ್ ಚದುರುವಿಕೆಯಿಂದ ಹರಳುಗಳ ರಚನೆ ತಿಳಿಯುವವರು ಇಂದಿಗೂ ಅದೇ ಲೆಕ್ಕದಲ್ಲಿ ನಡೆಯುತ್ತಾರೆ. ಹದಿನಾಲ್ಕು ಸೆಂಟಿಮೀಟರಿನ ಬಿಲ್ಲೆಗೆ ಎರಡು ಸೆಂಟಿಮೀಟರಿನ ತ್ರಿಕೋನ ಕಾಣದಿರುವುದೂ ಇದೇ ನಿಯಮ.

ವಿಭವದ ಬಾವಿಯ ಲೆಕ್ಕವೂ ಹೀಗೆಯೇ. ಒಂದು ಆಯಾಮದ ಬಾವಿಯೊಂದರಲ್ಲಿ ಕಣ ಸಿಕ್ಕಿಕೊಂಡಿದೆ. ಅಗಲವನ್ನು ಅರ್ಧ ಮಾಡಿ ಆಳವನ್ನು ಎರಡರಷ್ಟು ಮಾಡಿ. ಮತ್ತೆ ಹಾಗೆಯೇ ಮಾಡಿ. ಮೊದಲು ಬಾವಿಯೊಳಗೆ ಕಣಕ್ಕೆ ಹಲವು ಶಕ್ತಿ ಮಟ್ಟಗಳಿದ್ದರೆ ಅವು ಒಂದೊಂದಾಗಿ ಕಳಚಿಹೋಗುತ್ತವೆ. ಕೊನೆಗೆ ಒಂದೇ ಮಟ್ಟ ಉಳಿಯುತ್ತದೆ, ಅದು ಮಾತ್ರ ಅಳಿಯುವುದಿಲ್ಲ. ಅಗಲ ಎಷ್ಟು, ಆಳ ಎಷ್ಟು ಎಂದು ಬೇರೆಬೇರೆ ಕೇಳಬೇಕಿಲ್ಲ. ಆ ಕಣಕ್ಕೆ ಎರಡರ ಗುಣಲಬ್ಧವೊಂದೇ ಆ ಮಟ್ಟವನ್ನು ತೀರ್ಮಾನಿಸುತ್ತದೆ. 1931ರಲ್ಲಿ ಕ್ರೋನಿಗ್ ಮತ್ತು ಪೆನ್ನಿ ಹರಳಿನೊಳಗಿನ ಇಲೆಕ್ಟ್ರಾನಿನ ಲೆಕ್ಕ ಹಾಕಿದಾಗ ಮಾಡಿದ್ದೂ ಇದನ್ನೇ. ಆಯತಾಕಾರದ ತಡೆಗಳ ಸಾಲನ್ನು ಇಟ್ಟು, ಪ್ರತಿ ತಡೆಯನ್ನೂ ಕಿರಿದು ಮಾಡಿ ಎತ್ತರಿಸಿ, ಗುಣಲಬ್ಧವನ್ನು ಮಾತ್ರ ಕಾಪಾಡಿದರು. ಲೋಹ, ಅವಾಹಕಗಳ ನಡುವಿನ ವ್ಯತ್ಯಾಸ ತಿಳಿಸುವ ಶಕ್ತಿಪಟ್ಟಿಗಳು ಆ ಸರಳ ಲೆಕ್ಕದಲ್ಲೂ ಹೊರಬಂದವು.

ಮೊದಲು ಕೂಡಿಸು

ಗಣಿತಜ್ಞರಿಗೆ ಡೆಲ್ಟಾ ಬಹುಕಾಲ ನುಂಗಲಾರದ ತುತ್ತಾಗಿತ್ತು. ಜಾನ್ ಫಾನ್ ನ್ಯೂಮನ್ 1932ರ ತಮ್ಮ ಕ್ವಾಂಟಮ್ ಗ್ರಂಥದಲ್ಲಿ ಅದನ್ನು ಬಿಟ್ಟೇ ಕಟ್ಟಡ ಕಟ್ಟಿದರು. ಅವರ ಆಕ್ಷೇಪದಲ್ಲಿ ಹುರುಳಿತ್ತು. ಆಯತಗಳ ಸಾಲಿನಲ್ಲಿ ನಡುಬಿಂದು ಬಿಟ್ಟು ಬೇರೆ ಯಾವುದೇ ಬಿಂದುವಿನ ಮೇಲೆ ಕಣ್ಣಿಟ್ಟು ಕೂತರೂ ಒಂದಲ್ಲ ಒಂದು ಹಂತದಲ್ಲಿ ಅಲ್ಲಿ ಸೊನ್ನೆಯಾಗುತ್ತದೆ. ಮೊದಲು ಮಿತಿಗೆ ಹೋಗಿ ಆಮೇಲೆ ವಿಸ್ತೀರ್ಣ ಕೂಡಿಸಿದರೆ ಸಿಗುವುದು ಸೊನ್ನೆ. ಮೊದಲು ಕೂಡಿಸಿ ಆಮೇಲೆ ಮಿತಿಗೆ ಹೋದರೆ ಸಿಗುವುದು ಒಂದು. ಕ್ರಮ ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಫ್ರಾನ್ಸಿನ ಲೊರಾಂ ಶ್ವಾರ್ಟ್ಜ್ ಆ ಕ್ರಮವನ್ನೇ ನಿಯಮವಾಗಿ ಇಟ್ಟರು. ಡೆಲ್ಟಾದ ಬೆಲೆ ಒಂದು ಬಿಂದುವಿನಲ್ಲಿ ಎಷ್ಟು ಎಂದು ಕೇಳಬೇಡಿ. ಒಂದು ನಯವಾದ ಫಲನದಿಂದ ಅದನ್ನು ಗುಣಿಸಿ ಕೂಡಿಸಿದಾಗ ಏನು ಸಿಗುತ್ತದೆ ಎಂದು ಕೇಳಿ. ಅದು ಏನು ಮಾಡುತ್ತದೆ ಅನ್ನುವುದೇ ಅದು. ಈ ಕೆಲಸಕ್ಕೆ 1950ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂತು. ತೋಟದಲ್ಲಿ ಕೂತು ನೋಡುವವನಿಗೆ ಈ ನಿಯಮ ಹೊಸದಾಗಿ ಕಾಣುವುದಿಲ್ಲ. ಸಂದನ್ನು ನೇರ ದಿಟ್ಟಿಸಿದರೆ ಕಣ್ಣು ಕೋರೈಸುತ್ತದೆ, ಏನೂ ತಿಳಿಯುವುದಿಲ್ಲ. ನೆಲದ ಮೇಲೆ ಅದು ಮಾಡಿದ್ದನ್ನು ನೋಡಿದರೆ ಸೂರ್ಯನೇ ಸಿಗುತ್ತಾನೆ. ನಮಗೆ ಪೂರ್ತಿ ಕಿರಿದಾದ ಸಂದು ಬೇಕಿಲ್ಲ, ಅಂಥದ್ದು ಎಲ್ಲಿಯೂ ಇಲ್ಲ. ನೋಡಬೇಕಾದ ವಸ್ತುವಿನ ಅಳತೆಗೆ ಹೋಲಿಸಿದರೆ ಸಾಕಷ್ಟು ಕಿರಿದಾಗಿದ್ದರೆ ಸಾಕು. ಕ್ವಾಂಟಮ್ ಭೌತಶಾಸ್ತ್ರ ಡೆಲ್ಟಾವನ್ನು ನೆಚ್ಚಿಕೊಂಡಿರುವುದು ಈ ಸಾಕಷ್ಟರ ಮೇಲೆ.

2027ರ ಆಗಸ್ಟ್ 2ರ ಇಳಿಹೊತ್ತಿನಲ್ಲಿ ನಮ್ಮ ಸೀಮೆಗೆ ಮತ್ತೆ ಪಾರ್ಶ್ವ ಸೂರ್ಯಗ್ರಹಣವಿದೆ. ಮೋಡ ಬಿಟ್ಟುಕೊಟ್ಟರೆ, ಓರೆ ಬಿಸಿಲು ಗರಿಗಳನ್ನು ಹಾದು ಪೂರ್ವದ ಗೋಡೆಯ ಮೇಲೆ ಬೀಳುವ ಜಾಗದಲ್ಲಿ ಮಕ್ಕಳನ್ನು ನಿಲ್ಲಿಸಿ. ರಟ್ಟಿನ ತುಂಡುಗಳಲ್ಲಿ ತ್ರಿಕೋನ, ಚೌಕ, ನಕ್ಷತ್ರ, ಅವರಿಗೆ ಇಷ್ಟವಾದ ತೂತು ಕೊರೆಯಲು ಹೇಳಿ. ಆಕಾರ ಯಾವುದಾದರೂ ಸರಿ, ತುಂಬ ಅಗಲವಿರಬಾರದು, ರಟ್ಟು ಗೋಡೆಗೆ ತುಂಬ ಹತ್ತಿರವೂ ಇರಬಾರದು. ಎಲ್ಲ ತೂತುಗಳೂ ಕಚ್ಚಿದ ಸೂರ್ಯನನ್ನೇ ತೋರಿಸುತ್ತವೆ. ಏಕೆ ಎಂದು ಮಕ್ಕಳು ಕೇಳಿದರೆ ಅಗಲವಾದ ತೂತಿನಿಂದ ಶುರುಮಾಡಿ, ಒಂದೊಂದೇ ಹಂತ ಕಿರಿದು ಮಾಡಿ ತೋರಿಸಿ.